ಕಪ್ಪಿನ ಮೇಲೆ ಕಪ್ಪು ಬೊಟ್ಟು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮಂಗಳ ಗ್ರಹದ ಮೇಲೆ ಯಂತ್ರ ಇಳಿಸುವ ಕೆಲಸದಲ್ಲಿ ನನ್ನದೂ ಒಂದು ಚೂರು ಪಾಲಿತ್ತು ಎಂದರೆ ಜನ ನನ್ನನ್ನು ಗಟ್ಟಿಗಿತ್ತಿ ಎಂದುಕೊಳ್ಳುತ್ತಾರೆ. ಮನೆಗೆ ಬೀಗ ಹಾಕಿ, ಗೇಟು ದಾಟಿ, ಮತ್ತೆ ವಾಪಸ್ ಬಂದು ಬೀಗ ಎಳೆದು ನೋಡುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಬಂದದ್ದೂ ಉಂಟು. ಈ ಗುಣಕ್ಕೆ ಮನೆಯಲ್ಲಿ ಬೈಗುಳ ಸಿಗುತ್ತದೆ, ಕಾರ್ಖಾನೆಯಲ್ಲಿ ಸಂಬಳ ಸಿಗುತ್ತದೆ. ಹಾಸನದ ಹೊರಗೆ, ಬೂವನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾರ್ಖಾನೆ. ಅಲ್ಲಿ ತಯಾರಾದ ಬಿಡಿಭಾಗಗಳನ್ನು ಕೊನೆಯ ಸಲ ಪರೀಕ್ಷೆ ಮಾಡಿ ಕಳಿಸುವುದು ನನ್ನ ಕೆಲಸ.

ಆ ಯಂತ್ರ ಯಾರದು, ಯಾವಾಗ ಹಾರಿತು ಎಂದು ಬರೆಯುವ ಹಾಗಿಲ್ಲ, ಕೆಲಸ ಕೊಟ್ಟವರಿಗೆ ಮಾತು ಕೊಟ್ಟಿದ್ದೇವೆ. ನಮ್ಮ ಪಾಲಿಗೆ ಬಂದದ್ದು ಒಂದು ಹುಡ್. ಅಂದರೆ ಕ್ಯಾಮೆರಾದ ಮೂತಿಗೆ ತೊಡಿಸುವ ಅಲ್ಯೂಮಿನಿಯಂ ಟೋಪಿ, ಅಂಗೈಯಲ್ಲಿ ಹಿಡಿಸುವಷ್ಟು. ಪಕ್ಕದಿಂದ ಬಿಸಿಲು ಹೊಡೆದು ಕ್ಯಾಮೆರಾದ ಕಣ್ಣು ಕೋರೈಸದಿರಲಿ ಎಂದು ಅದರ ಒಳಗೆಲ್ಲ ಕಡುಗಪ್ಪು ಲೇಪ. ಕ್ಯಾಮೆರಾ ಯಂತ್ರದ ಹೊಟ್ಟೆಯ ಅಡಿಯಲ್ಲಿ ಕೂತು, ಇಳಿಯುವಾಗ ನೆಲ ನೋಡಬೇಕು. ಎಲ್ಲಿ ಬಂಡೆ, ಎಲ್ಲಿ ಹಳ್ಳ, ಎಲ್ಲಿ ಕಾಲೂರಲು ಸಮತಟ್ಟು ಜಾಗ ಎಂದು ಹುಡುಕಿ ಹೇಳುವುದು ಅದೇ. ಆ ಕಣ್ಣು ಮಂಜಾದರೆ ಯಂತ್ರ ಕುರುಡಾಗಿ ಬೀಳುತ್ತದೆ.

ಇಳಿಯುವುದು ಎಷ್ಟು ಕಷ್ಟ ಎಂದು ಕೆಲಸ ಹಿಡಿದ ಮೇಲೆ ಓದಿಕೊಂಡೆ. ಓದಬಾರದಿತ್ತು. ಅಲ್ಲಿನ ಗಾಳಿ ಬಲು ತೆಳು. ಸುಟ್ಟುಹಾಕುವಷ್ಟು ಉಂಟು, ಪ್ಯಾರಾಚೂಟ್ ಹಿಡಿದು ನಿಲ್ಲಿಸುವಷ್ಟು ಇಲ್ಲ. ಬಂದೂಕಿನ ಗುಂಡಿಗಿಂತ ಜೋರಾಗಿ ಬಂದದ್ದು ಮೊದಲು ಬೆಂಕಿ ತಡೆದುಕೊಳ್ಳಬೇಕು, ಆಮೇಲೆ ಪ್ಯಾರಾಚೂಟ್ ಬಿಚ್ಚಬೇಕು, ಆಮೇಲೆ ಅದನ್ನೂ ಕಳಚಿ ಎಂಜಿನ್ ಹೊತ್ತಿಸಿಕೊಂಡು ಮೆಲ್ಲಗೆ ಕೂರಬೇಕು. ಇಲ್ಲಿಂದ ಕೂಗಿ ಹೇಳೋಣ ಎಂದರೆ ರೇಡಿಯೊ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಷ್ಟೋ ಯಂತ್ರಗಳು ಅಷ್ಟು ದೂರ ಹೋಗಿ ನುಚ್ಚುನೂರಾಗಿವೆ. ಆದರೂ ಜನ ಕಳಿಸುತ್ತಾರೆ. ಆ ಕೆಂಪು ಮಣ್ಣಿನಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತಂತೆ, ನೀರಿದ್ದಲ್ಲಿ ಜೀವವೂ ಇತ್ತೇ ಎಂದು ಕೆದಕಿ ನೋಡುವ ಆಸೆ. ದೊಡ್ಡ ಆಸೆ, ಒಪ್ಪುತ್ತೇನೆ. ನನಗೆ ಮಾತ್ರ ಹುಡ್ ಎತ್ತಿಕೊಂಡಾಗಲೆಲ್ಲ ಗ್ಲೌಸಿನೊಳಗೆ ಕೈ ಬೆವರುತ್ತಿತ್ತು.

ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಹೊಲವನ್ನು ಚಿಕ್ಕಪ್ಪನಿಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು ನನ್ನ ಜೊತೆ ಇರಲು ಹಾಸನಕ್ಕೆ ಬಂದಳು. ನನಗೆ ಮದುವೆಯಾಗಿಲ್ಲ. "ಗಂಡು ಬಂದ್ರೆ ಅವನ್ನೂ ಸ್ಕೇಲ್ ಇಟ್ ಅಳೀತೀಯ, ಇನ್ನೆಲ್ಲಿ ಆದಾತು" ಎಂದು ಛೇಡಿಸುತ್ತಾಳೆ. ನನ್ನ ಕೆಲಸದ ವಿಷಯ ಅವಳಿಗೆ ಯಾವಾಗಲೂ ಬೇಕು. ಈ ಯಂತ್ರದ ಕಥೆ ಹೇಳಿದಾಗ ಅವಳು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ಅಲ್ಲಿ ಯಾರವ್ರೆ ಮಗಾ, ಎತ್ಕೊಳ್ಳಾಕೆ?"

"ಯಾರೂ ಇಲ್ಲವ್ವಾ. ತಾನೇ ಇಳ್ಕೋಬೇಕು."

"ಒಂದೇನಾ?"

"ಒಂದೇ."

ಅವ್ವ "ಪಾಪದ್ದು" ಎಂದಳು. ಅಂದಿನಿಂದ ಅವಳ ಬಾಯಲ್ಲಿ ಅದು ಯಂತ್ರವಲ್ಲ, ಕೂಸು.

ಅವ್ವನಿಗೆ ಕೂಸು ಎಂದರೆ ಮೊದಲು ದೃಷ್ಟಿಬೊಟ್ಟು. ಕಾಡಿಗೆಯನ್ನು ಅಂಗಡಿಯಿಂದ ತರುವವಳಲ್ಲ ಅವಳು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಹರಳೆಣ್ಣೆಯಲ್ಲೇ ಕಲಸಿ ಒಂದು ಪುಟ್ಟ ಬೆಳ್ಳಿ ಡಬ್ಬಿಗೆ ತುಂಬಿಕೊಳ್ಳುತ್ತಾಳೆ. ಡಬ್ಬಿ ಎಲೆಅಡಿಕೆ ಚೀಲದ ಜೊತೆ ಸೊಂಟದಲ್ಲೇ ಇರುತ್ತದೆ. ಹೊಸ ಕರುವಿಗೆ, ಹೊಸ ಸ್ಕೂಟರಿಗೆ, ಪಿಯುಸಿ ಪರೀಕ್ಷೆಗೆ ಹೊರಟ ನನ್ನ ಕಿವಿಯ ಹಿಂದೆ, ಎಲ್ಲಕ್ಕೂ ಒಂದು ಬೊಟ್ಟು.

ಇದಕ್ಕೆ ನಗುವ ಹಾಗಿಲ್ಲ. ನನಗಿಂತ ಮುಂಚೆ ಅವ್ವನಿಗೊಂದು ಗಂಡು ಕೂಸು ಇತ್ತು. ಅದನ್ನು ಎತ್ತಿಕೊಂಡು ಅರಕಲಗೂಡಿಗೆ ನೆಂಟರ ಮದುವೆಗೆ ಹೋಗಿದ್ದಳು. ಅವತ್ತು ಡಬ್ಬಿಯಲ್ಲಿ ಕಾಡಿಗೆ ಮುಗಿದಿತ್ತು. ಅಲ್ಲೇ ಯಾರ ಹತ್ತಿರವಾದರೂ ಸಿಗುತ್ತದೆ ಬಿಡು ಎಂದು ಹೊರಟುಬಿಟ್ಟಳಂತೆ. ಛತ್ರದಲ್ಲಿ ಬಂದವರೆಲ್ಲ ಕೂಸನ್ನು ಕೈಯಿಂದ ಕೈಗೆ ಎತ್ತಾಡಿ ಮುದ್ದಾಡಿದರು. ಸಂಜೆಗೆ ಜ್ವರ ಬಂತು. ಮಾರನೆಯ ದಿನ ಧಾರೆಯ ಹೊತ್ತಿಗೆ ಕೂಸು ಇರಲಿಲ್ಲ. ಯಾವ ಜ್ವರವೋ ಏನೋ, ಈಗ ಯಾರು ಹೇಳಬಲ್ಲರು? ಅವ್ವ ಅದರ ಬಗ್ಗೆ ಆಡುವುದು ಒಂದೇ ಮಾತು: "ಅವತ್ತು ಬೊಟ್ಟಿರ್ನಿಲ್ಲ." ಅಳುವುದಿಲ್ಲ. ಅಷ್ಟು ಹೇಳಿ ಎದ್ದುಹೋಗಿ ಏನಾದರೂ ಕೆಲಸ ಹಿಡಿಯುತ್ತಾಳೆ.

ಆಯುಧಪೂಜೆಯ ಹೊತ್ತಿಗೆ ಹುಡ್ ಸಿದ್ಧವಾಗಿತ್ತು. ತೊಳೆದು, ಓವನ್ನಿನಲ್ಲಿ ಒಣಗಿಸಿ, ಕೊನೆಯ ಪರೀಕ್ಷೆಯನ್ನೂ ಮುಗಿಸಿ ಧೂಳು ಸುಳಿಯದ ಗಾಜಿನ ಕೋಣೆಯೊಳಗೆ ಇಟ್ಟಿದ್ದೆ. ಹಬ್ಬ ಕಳೆದ ಮೇಲೆ ಚೀಲಕ್ಕೆ ಹಾಕಿ ಸೀಲ್ ಮಾಡಿ ಬೆಂಗಳೂರಿಗೆ ಮುಟ್ಟಿಸುವುದಷ್ಟೇ ಬಾಕಿ. ನಮ್ಮ ಮಾಲೀಕರು ಶಿವಭಕ್ತರು, ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಮನೆತನ. ಪೂಜೆಗೆ ಯಾವ ಕೊರತೆಯನ್ನೂ ಮಾಡುವವರಲ್ಲ. ಮಿಷನ್ನುಗಳಿಗೆಲ್ಲ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ ಹಾರ ಬಿದ್ದವು. ಆದರೆ ನೆಲದ ಮೇಲಿನ ಹಳದಿ ಗೆರೆಯಿಂದಾಚೆ, ಗಾಜಿನ ಕೋಣೆಯ ಕಡೆಗೆ, ಒಂದು ಹೂವಿನ ಎಸಳೂ ಹೋಗಕೂಡದು ಎಂದು ನಾನು ವಾರದಿಂದಲೇ ಎಲ್ಲರ ತಲೆ ತಿಂದಿದ್ದೆ.

ಎಸಳು ಹೋಗಲಿಲ್ಲ. ಅವ್ವ ಹೋದಳು. ಹಬ್ಬಕ್ಕೆ ಕೆಲಸದವರ ಮನೆಯವರೂ ಬರುವುದು ರೂಢಿ. ಗೇಟಿನ ಮುಂದೆ ಬೂದುಗುಂಬಳ ಒಡೆದಾದ ಮೇಲೆ ನಾನು ಪುರಿ, ಕಡಲೆ ಹಂಚುತ್ತಿದ್ದೆ. ಅಷ್ಟರಲ್ಲಿ ಮಾಲೀಕರಿಗೆ ಉತ್ಸಾಹ ಉಕ್ಕಿದೆ. "ಬನ್ನಿ ತಾಯಿ, ನಿಮ್ಮ ಮಗಳು ಕಾಯ್ತಾ ಇರೋ ನಿಧಿ ತೋರಿಸ್ತೀನಿ, ಹಿರಿಯರು ಒಂದು ಆಶೀರ್ವಾದ ಮಾಡಿ" ಎಂದು ಅವ್ವನಿಗೆ ಗೌನು, ಟೋಪಿ ಹಾಕಿಸಿ ಒಳಗೆ ಕರೆದುಕೊಂಡು ಹೋಗಿದ್ದಾರೆ. ಗ್ಲೌಸು ಮರೆತಿದ್ದಾರೆ. ಒಳಗೆ ಅವರ ಫೋನು ಬಡಿದುಕೊಂಡಿತಂತೆ, ಬಾಗಿಲ ಕಡೆ ತಿರುಗಿ ಮಾತಾಡಿದರಂತೆ. ಅವ್ವನಿಗೆ ಅಷ್ಟು ಹೊತ್ತು ಸಾಕಾಯಿತು.

ಸಂಜೆ ದೇವರ ದೀಪ ಹಚ್ಚಿ ಬಂದು ಅಡುಗೆಮನೆಯಲ್ಲಿ ಕೂತು ಹೇಳಿದಳು. "ಕೂಸ್ನ ನೋಡ್ದೆ ಕಣ್ ಮಗಾ. ಏಟ್ ಲಕ್ಸಣವಾಗದೆ! ಅಂಥದ್ನ ಅಂಗೇ ಬರಿ ಮೈನಾಗೆ ಕಳಿಸ್ತಾರಾ? ಬೆರಳಿಗೆ ಮೊದ್ಲೇ ಹತ್ತಿಸ್ಕಂಡಿದ್ದೆ. ಒಳಗಡೀಕೆ, ಯಾರ್ಗೂ ಕಾಣ್ದಂಗೆ ಒಂದ್ ಬೊಟ್ಟಿಟ್ಟೆ. ಇನ್ನೇನೂ ಆಗಾಕಿಲ್ಲ ಬುಡು."

ಸಾರಿನ ಸೌಟು ಕೈಯಲ್ಲೇ ಉಳಿಯಿತು. ಬೈಯೋಣವೆಂದು ತಿರುಗಿದೆ. ಅವ್ವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನೆಮ್ಮದಿ ಇತ್ತು. ಅದನ್ನು ನೋಡಿ ಸಾರು ಬಡಿಸಿದೆ, ನಾನು ಮಾತ್ರ ಉಣ್ಣಲಾರದೆ ಎದ್ದೆ.

ಒಂದು ಬೊಟ್ಟಿಗೆ ಇಷ್ಟು ಹೆದರಬೇಕೇ ಎಂದು ಕೇಳಬಹುದು. ಹೆದರಬೇಕು. ಗಾಳಿಯೇ ಇಲ್ಲದ ಕಡೆ ಎಣ್ಣೆ ಕೂತಲ್ಲಿ ಕೂರುವುದಿಲ್ಲ. ಕಾಣದ ಹಬೆಯಾಗಿ ಎದ್ದು, ಎದುರಿಗೆ ತಣ್ಣಗಿರುವ ಗಾಜಿನ ಮೇಲೆ ಹೋಗಿ ಕೂರುತ್ತದೆ, ಸ್ನಾನದ ಮನೆಯ ಕನ್ನಡಿಗೆ ಹಬೆ ಕಟ್ಟಿದ ಹಾಗೆ. ಇಲ್ಲಿ ಎದುರಿಗಿರುವುದೇ ಕ್ಯಾಮೆರಾದ ಕಣ್ಣು. ಜೀವದ ಗುರುತು ಹುಡುಕಲು ಹೊರಟ ಯಂತ್ರದ ಮೈಗೆ ಹಳೇಕೋಟೆಯ ಹರಳೆಣ್ಣೆ ಮೆತ್ತಿ ಕಳಿಸುವುದು ಇನ್ನೊಂದು ಚಂದ, ಸಿಕ್ಕ ಗುರುತು ಅಲ್ಲಿಯದೋ ಇಲ್ಲಿಯದೋ ಎಂದು ಯಾರು ಹೇಳಬೇಕು? ಎಲ್ಲಕ್ಕಿಂತ ಹೆದರಿಸಿದ್ದು ಬಣ್ಣ. ಕಪ್ಪಿನ ಮೇಲೆ ಕಪ್ಪು. ಅವ್ವ ತಾನಾಗಿ ಹೇಳಿರದಿದ್ದರೆ ಅದು ನನ್ನ ಕಣ್ಣಿಗೂ ಬೀಳುತ್ತಿರಲಿಲ್ಲ, ಬೇರೆಯವರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮಾರನೆಯ ದಿನ ವಿಜಯದಶಮಿ, ರಜೆ. ಕೆಲಸವಿದೆ ಎಂದು ಅವ್ವನಿಗೆ ಹೇಳಿ ಮಾಲೀಕರಿಗೆ ಫೋನ್ ಮಾಡಿದೆ. ಅವರು ಮೊದಲು ನಕ್ಕರು. ಕಾಡಿಗೆ ಯಾವುದರದು ಎಂದು ಕೇಳಿದರು, ಹರಳೆಣ್ಣೆಯದು ಎಂದು ನಾನು ಹೇಳಿದ ಮೇಲೆ ನಗು ನಿಂತಿತು. ಹಬ್ಬದ ಬಟ್ಟೆಯಲ್ಲೇ ಬಂದು ಕಾರ್ಖಾನೆಯ ಬಾಗಿಲು ತೆಗೆದರು. ಟಾರ್ಚನ್ನು ಓರೆಯಾಗಿ ಹಿಡಿದು ಹುಡ್ಡಿನ ಒಳಗೆ ನೋಡಿದೆವು. ಮೊದಲು ಏನೂ ಕಾಣಲಿಲ್ಲ. ಬೆಳಕನ್ನು ಇನ್ನೂ ಓರೆ ಮಾಡಿದಾಗ ಆ ಕಪ್ಪಿನೊಳಗೆ ಎಳ್ಳಿನಷ್ಟು ಹೊಳೆಯಿತು. ಮಾಲೀಕರು ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. "ಒಳಗೆ ಕರ್ಕೊಂಡು ಹೋದವನು ನಾನೇ ಅಲ್ವಾ ಮೇಡಂ. ಅವರನ್ನೇನೂ ಅನ್ನಬೇಡಿ" ಎಂದರು.

ನಾನೇ ಒರೆಸಿದೆ. ಮತ್ತೆ ತೊಳೆದೆ, ಮತ್ತೆ ಓವನ್ನಿಗಿಟ್ಟೆ, ಮತ್ತೆ ಟಾರ್ಚು ಹಿಡಿದು ಕಣ್ಣು ನೋಯುವ ತನಕ ನೋಡಿದೆ. ಮಾಲೀಕರು ಕೆಲಸ ಕೊಟ್ಟವರಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಹುಡ್ ಕೈ ಸೇರಿದ ಮೇಲೆ ಅವರೂ ತಮ್ಮ ಕಡೆ ತೊಳೆದು ಪರೀಕ್ಷೆ ಮಾಡಿದರು, ಸ್ವಚ್ಛವಾಗಿದೆ ಎಂದರು. ಅವತ್ತು ಮನೆಗೆ ಹೋದಾಗ ಅವ್ವ ಕೇಳಿದಳು, "ನಿಮ್ ಸಾವ್ಕಾರ್ರಿಗೆ ಬೊಟ್ಟಿನ್ ಸಮಾಚಾರ ಗೊತ್ತಾತಾ? ಏನಂದ್ರು?" "ಏನೂ ಅನ್ಲಿಲ್ಲವ್ವಾ" ಎಂದೆ. ಒರೆಸಿದ್ದನ್ನು ಹೇಳಲು ಧೈರ್ಯ ಬರಲಿಲ್ಲ. ಬೊಟ್ಟಿಲ್ಲದೆ ಹೊರಟ ಇನ್ನೊಂದು ಕೂಸಿನ ಸುದ್ದಿಯನ್ನು ಅವಳಿಗೆ ಹೇಗೆ ಕೊಡಲಿ?

ಹುಡ್ಡನ್ನು ಬೆಂಗಳೂರಿಗೆ ಮುಟ್ಟಿಸಲು ಮಾಲೀಕರ ಜೊತೆ ಕಾರಿನಲ್ಲಿ ನಾನೂ ಹೋದೆ. ಹುಡ್ಡಿನ ಡಬ್ಬಿ ನನ್ನ ತೊಡೆಯ ಮೇಲೆ. ಚನ್ನರಾಯಪಟ್ಟಣ ದಾಟುವಾಗ ಕಾರು ರಸ್ತೆಯ ಒಂದು ಹಂಪಿನ ಮೇಲೆ ಕುಕ್ಕಿತು, ನನ್ನ ಜೀವ ಬಾಯಿಗೆ ಬಂತು. "ಇದನ್ನ ರಾಕೆಟ್ಟಿಗೆ ಕಟ್ತಾರೆ ಕಣ್ರೀ, ಹಂಪಿಗೆ ಏನಾಗುತ್ತೆ?" ಎಂದು ಮಾಲೀಕರು ನಕ್ಕರು. ಹಿರೀಸಾವೆಯ ಹೋಟೆಲಿನ ಮುಂದೆ ನಿಲ್ಲಿಸಿದಾಗ ನಾನು ಇಳಿಯಲಿಲ್ಲ, ಅವರೇ ಕಿಟಕಿಗೆ ಕಾಫಿ ತಂದುಕೊಟ್ಟರು. ಡಬ್ಬಿಯ ಮೇಲೆ ಚೆಲ್ಲೀತೆಂದು ಅದನ್ನೂ ಕುಡಿಯಲಿಲ್ಲ.

ಯಂತ್ರ ಹಾರಿತು. ಮಂಗಳನ ದಾರಿ ತಿಂಗಳುಗಟ್ಟಲೆಯದು. ಅವ್ವ ಬೆಳಿಗ್ಗೆ ಎದ್ದು ಹಾಲು ಕಾಯಿಸುತ್ತ, "ಎಲ್ಲಿಗಂಟ ಓಯ್ತು ಕೂಸು?" ಎಂದು ಕೇಳುತ್ತಿದ್ದಳು, ಧರ್ಮಸ್ಥಳದ ಬಸ್ಸು ಸಕಲೇಶಪುರ ದಾಟಿತಾ ಎಂದು ಕೇಳುವ ಹಾಗೆ. ನಾನು ಫೋನಿನಲ್ಲಿ ನೋಡಿ ಹೇಳುತ್ತಿದ್ದೆ. ಅವಳು ನಿಶ್ಚಿಂತೆಯಾಗಿದ್ದಳು, ಬೊಟ್ಟಿತ್ತಲ್ಲ. ನಾನು ಮಾತ್ರ ದಿನದಿನಕ್ಕೆ ಇಳಿದುಹೋದೆ. ಲೇಪದ ಸಣ್ಣ ರಂಧ್ರದಲ್ಲಿ ಎಣ್ಣೆಯ ಪಸೆ ಉಳಿದಿದ್ದರೆ? ಈ ಭಯವನ್ನು ಮಾಲೀಕರ ಹತ್ತಿರ ಹೇಳಿಕೊಳ್ಳಬಹುದಿತ್ತು. ಇನ್ನೊಂದು ಭಯವನ್ನು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ಬೊಟ್ಟು ಇರಬೇಕಾಗಿತ್ತೇನೋ ಎಂಬ ಭಯ. ಎಂಜಿನಿಯರಿಂಗ್ ಓದಿದವಳು ನಾನು, ನಗೆಪಾಟಲು ಎಂದು ನನಗೂ ಗೊತ್ತು. ಆದರೆ ಕಿವಿಯ ಹಿಂದೆ ಬೊಟ್ಟು ಇಡಿಸಿಕೊಂಡೇ ಬೆಳೆದವಳೂ ನಾನೇ. ಒರೆಸಿದ ಬೆರಳೂ ನನ್ನದೇ.

ಇಳಿಯುವ ದಿನ ಮಧ್ಯಾಹ್ನ ಮಾಲೀಕರು ಕಾರ್ಖಾನೆಯ ಊಟದ ಕೋಣೆಯಲ್ಲಿ ಟಿವಿ ಇಡಿಸಿದರು. ಅವ್ವ ಬರುತ್ತೇನೆಂದು ಹಟ ಹಿಡಿದು ಬಂದಳು. ಮುಂದಿನ ಕುರ್ಚಿ ಅವಳದು, ಪಕ್ಕದ್ದು ನನ್ನದು. ಸುಮ್ಮನೆ ಕೂರಲಾರದೆ ಅವಳಿಗೆ ವಿವರಿಸತೊಡಗಿದೆ. "ಅವ್ವಾ, ಈಗ ಇಲ್ಲಿ ಏನ್ ಹೇಳ್ತಾರಲ್ಲ, ಅದು ಅಲ್ಲಿ ಆಗ್ಲೇ ನಡೆದುಹೋಗಿರುತ್ತೆ. ಸುದ್ದಿ ಬರೋಕೆ ಅಷ್ಟು ಹೊತ್ತು ಬೇಕು. ಇಳಿದಿದ್ರೂ ಆಗ್ಲೇ ಇಳಿದಿರುತ್ತೆ. ಬಿದ್ದಿದ್ರೂ ಆಗ್ಲೇ…"

ಇದು ಅವಳಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಅವ್ವ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಗೊತ್ತು ಬುಡು. ಅರಕಲಗೂಡಲ್ಲಿ ಕೂಸು ಓದಾಗ ನಿಮ್ಮಪ್ಪ ಊರಲ್ಲೇ ಇದ್ರು. ಬಸ್ಸಿನವ್ನ್ ಕೈಲಿ ಏಳಿ ಕಳ್ಸುದ್ವಿ. ಸುದ್ದಿ ಮುಟ್ಟೋಗಂಟ ತೊಟ್ಲಿಗೆ ಅಂತ ಜಗಲಿ ಮ್ಯಾಲೆ ಅಗ್ಗ ಒಸೀತಾ ಕುಂತಿದ್ರಂತೆ."

ಇಷ್ಟು ವರ್ಷದಲ್ಲಿ ಆ ತೊಟ್ಟಿಲ ಹಗ್ಗದ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಆ ಹೊತ್ತಿಗೆ ಪ್ಯಾರಾಚೂಟ್ ಬಿಚ್ಚಿಕೊಂಡಿತೆಂದು ಟಿವಿಯಲ್ಲಿ ಚಪ್ಪಾಳೆ ಬಿತ್ತು. ನಮ್ಮಲ್ಲೂ ಬಿತ್ತು. ಸ್ವಲ್ಪ ಹೊತ್ತಿಗೆ, ಕ್ಯಾಮೆರಾ ನೆಲ ನೋಡುತ್ತಿದೆ, ನೆಲ ಚೆನ್ನಾಗಿ ಕಾಣುತ್ತಿದೆ ಎಂದರು. ಮಾಲೀಕರು ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದರು. ಕ್ಯಾಮೆರಾದ ಕಣ್ಣು ಮಂಜಾಗಿರಲಿಲ್ಲ. ಮೊದಲನೆಯ ಭಯ ಮೈಯಿಂದ ಇಳಿದುಹೋಯಿತು, ನನಗೆ ಅಳುವೇ ಬಂತು.

ಎಂಜಿನ್ ಹೊತ್ತಿತು ಎಂದರು. ಎತ್ತರ ಹೇಳುತ್ತ ಬಂದರು. ಆಮೇಲೆ ಹೇಳುವುದನ್ನು ನಿಲ್ಲಿಸಿದರು.

ಟಿವಿಯಲ್ಲಿ ಸಾಲಾಗಿ ಕೂತಿದ್ದವರು ಯಾರೂ ಅಲುಗಾಡಲಿಲ್ಲ. ಒಬ್ಬಾಕೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಯಾರೋ ನೀರಿನ ಬಾಟಲಿ ಎತ್ತಿ, ಕುಡಿಯದೆ ಕೆಳಗಿಟ್ಟರು. ಸಂಕೇತಕ್ಕಾಗಿ ಕಾಯುತ್ತಿದ್ದೇವೆ ಎಂದು ಮತ್ತೆ ಮತ್ತೆ ಹೇಳಿದರು. ಎಷ್ಟೋ ಹೊತ್ತಾದ ಮೇಲೆ, ಎಂಜಿನ್ ಬೇಗ ಆರಿದಂತೆ ಕಾಣುತ್ತದೆ, ಸಂಪರ್ಕ ತಪ್ಪಿದೆ ಎಂದರು. ನನ್ನ ತಲೆಗೆ ಮೊದಲು ಬಂದದ್ದು, ನಮ್ಮದಲ್ಲ, ತಪ್ಪು ನಮ್ಮ ಹುಡ್ಡಿನದಲ್ಲ ಎಂಬ ಯೋಚನೆ. ಅಷ್ಟು ಜನರ ಆಸೆ ಕಲ್ಲಿಗೆ ಬಡಿದು ಒಡೆದ ಹೊತ್ತಿನಲ್ಲಿ ನನಗೆ ಸಮಾಧಾನವಾಯಿತಲ್ಲ ಎಂದು ನಾಚಿಕೆಯಾಯಿತು. ಆ ಸಮಾಧಾನವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಎರಡನೆಯ ಭಯ ಅಲ್ಲೇ ಕೂತಿತ್ತು.

ಒಬ್ಬೊಬ್ಬರಾಗಿ ಎದ್ದುಹೋದರು. ಮಾಲೀಕರು ಟಿವಿ ಆರಿಸಿದರು. ಅವ್ವ ಕುರ್ಚಿಯಲ್ಲೇ ಇದ್ದಳು.

"ಓಯ್ತಾ ಮಗಾ?"

"ಹೋಯ್ತವ್ವಾ."

ಅವಳು ನನ್ನನ್ನು ಬಿಟ್ಟು ಮಾಲೀಕರ ಕಡೆ ತಿರುಗಿದಳು. "ಬೊಟ್ಟು ಇತ್ತಲ್ವಾ ಸಾ? ಕಳಿಸುವಾಗ ಇತ್ತಲ್ವಾ?"

ಮಾಲೀಕರು ರಿಮೋಟು ಹಿಡಿದುಕೊಂಡು ನನ್ನ ಮುಖ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿರುವ ಮನುಷ್ಯ ಅಲ್ಲ ಅವರು. ನನಗೆ ಅತ್ತ ದರಿ, ಇತ್ತ ಪುಲಿ. ಇರಲಿಲ್ಲ ಎಂದರೆ ಅವ್ವನ ಬಾಯಿಂದ ಬರುವ ಮಾತು ಯಾವುದೆಂದು ನನಗೆ ಗೊತ್ತು. ಹುಟ್ಟಿದಾಗಿನಿಂದ ಕೇಳಿದ ಆ ಮಾತನ್ನು ಇನ್ನೊಂದು ಸಲ, ಇನ್ನೊಂದು ಕೂಸಿನ ಬಗ್ಗೆ ಕೇಳುವ ಶಕ್ತಿ ನನಗಿರಲಿಲ್ಲ. ಯೋಚಿಸಿ ಹೇಳಿದ್ದಲ್ಲ, ಹೆದರಿ ಹೇಳಿದ್ದು.

"ಇತ್ತವ್ವಾ. ನೀನಿಟ್ಟ ಜಾಗದಲ್ಲೇ ಇತ್ತು."

"ಇದ್ದೂ ಓಯ್ತಾ?"

"ಇದ್ದೂ ಹೋಯ್ತು."

ಮನೆಗೆ ಆಟೋದಲ್ಲಿ ಹೊರಟೆವು. ಅರ್ಧ ದಾರಿಯ ತನಕ ಅವ್ವ ಹೊರಗೆ ನೋಡುತ್ತ ಕೂತಿದ್ದಳು. ನನಗೆ ಅವಳು ಎದೆ ಒಡೆದುಕೊಂಡಳೇನೋ ಎಂಬ ಹೆದರಿಕೆ. ಆಮೇಲೆ, ಆಟೋದ ಸದ್ದಿನಲ್ಲಿ ನನಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದಳು.

"ಅಂಗಾರೆ ಆ ಕೂಸೂವೆ… ಬೊಟ್ಟಿದ್ರೂ ಓಯ್ತಿತ್ತೇನೋ ಮಗಾ."

ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗಿಂತ ಹಿರಿಯದಾದ ಆ ಅಳುವನ್ನು ನಾನು ನೋಡಿದ್ದು ಅದೇ ಮೊದಲು. ಆಟೋದವನು ಕನ್ನಡಿಯಲ್ಲಿ ನೋಡಿ ವೇಗ ಕಡಿಮೆ ಮಾಡಿದ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಬಾಯಿ ಬಿಟ್ಟರೆ ನಿಜ ಬಂದುಬಿಡುತ್ತದೆ ಎಂದು ತುಟಿ ಕಚ್ಚಿಕೊಂಡಿದ್ದೆ.

ಬಿದ್ದ ಮೇಲೆ ಜನ ಸುಮ್ಮನೆ ಕೂರುವುದಿಲ್ಲ. ಮತ್ತೊಂದು ಯಂತ್ರ ತಯಾರಾಗುತ್ತಿದೆ, ಮತ್ತೊಂದು ಹುಡ್ ನಮ್ಮಲ್ಲಿಗೇ ಬಂತು. ಅವ್ವ ಈಗ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕುವುದನ್ನು ಬಿಟ್ಟಿದ್ದಾಳೆ. ಬೆಳ್ಳಿ ಡಬ್ಬಿಯನ್ನು ತೊಳೆದು, ಸುಣ್ಣ ತುಂಬಿಕೊಂಡಿದ್ದಾಳೆ. "ಈ ಸಲ ಕೂಸ್ನ ನೋಡೋಕೆ ಬರ್ತೀಯಾ?" ಎಂದು ಕೇಳಿದೆ. "ನೀನೇ ನೋಡ್ಕಂಡು ಕಳ್ಸು. ಓಗಾದು ಬುಡಾದು ನಮ್ ಕೈಲಿಲ್ಲ" ಎಂದು ಎಲೆಗೆ ಸುಣ್ಣ ಸವರಿದಳು.

ಮೊನ್ನೆ ಈ ಹೊಸ ಹುಡ್ಡನ್ನು ಚೀಲಕ್ಕೆ ಹಾಕುವ ದಿನ. ಗಾಜಿನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ತೊಳೆದದ್ದಾಗಿತ್ತು, ಒಣಗಿಸಿದ್ದಾಗಿತ್ತು, ಟಾರ್ಚು ಹಿಡಿದು ಎಲ್ಲ ಕಡೆಯಿಂದ ನೋಡಿದ್ದೂ ಆಗಿತ್ತು. ಸೀಲ್ ಮಾಡುವ ಮುಂಚೆ ಹೊಸ ಗ್ಲೌಸು ಹಾಕಿಕೊಂಡೆ. ಬೆರಳಿಗೆ ಏನೂ ಹತ್ತಿರಲಿಲ್ಲ, ಎರಡೆರಡು ಸಲ ನೋಡಿಕೊಂಡೆ. ಆಮೇಲೆ ಆ ಖಾಲಿ ಬೆರಳನ್ನು ಹಿಂದಿನದರಲ್ಲಿ ಅವ್ವ ಬೊಟ್ಟಿಟ್ಟಿದ್ದ ಜಾಗಕ್ಕೆ ಒಂದು ಗಳಿಗೆ ಒತ್ತಿ ತೆಗೆದೆ.